ಅಂಗಳದ ಬೆಂಚಿಗೆ ಪ್ಲಾಸ್ಟಿಕ್ ಹಲಗೆ ಆಗುತ್ತದೆ, ಸಂಕಕ್ಕೆ ಬೇಡ

ಅಕ್ಕ, ನೀವು ಮೂರು ಕೆಲಸಕ್ಕೆ ಕೇಳಿದ್ದೀರಿ. ಅಂಗಳಕ್ಕೆ ಎರಡು ಬೆಂಚು, ಹೂಕುಂಡ ಇಡುವ ಸ್ಟ್ಯಾಂಡು, ತೋಟದ ಕಾಲುವೆ ದಾಟಲು ಸಂಕ, ಅಂದರೆ ಕಾಲುಸೇತುವೆ. ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ ಹಲಗೆ ಇದಕ್ಕೆಲ್ಲ ತಾಳುತ್ತದಾ ಅಂತ. ಮೊದಲೆರಡಕ್ಕೆ ಧೈರ್ಯವಾಗಿ ತನ್ನಿ. ಸಂಕಕ್ಕೆ ಬೇಡ.

ನಮ್ಮಲ್ಲಿ ಮೊದಲು ಅಡಿಕೆ ದಬ್ಬೆಯ ಬೆಂಚಿತ್ತು. ಎರಡು ಮಳೆಗಾಲಕ್ಕೆ ಕುಂಬಾಗುತ್ತಿತ್ತು, ಉಳಿದದ್ದು ಒರಲೆಗೆ. ಪ್ಲಾಸ್ಟಿಕ್ ಹಲಗೆಗೆ ಈ ಎರಡೂ ಕಾಟ ಇಲ್ಲ. ಪಾಚಿ ಕಟ್ಟುತ್ತದೆ, ಬ್ರಷ್ ಹಾಕಿ ತಿಕ್ಕಿದರೆ ಹೋಗುತ್ತದೆ.

ಆದರೆ ಬಾಗುತ್ತದೆ. ಬಾಗದೆ ನಿಲ್ಲುವುದರಲ್ಲಿ ತೇಗದ ಹಲಗೆಯ ಹತ್ತರಲ್ಲೊಂದು ಪಾಲು ಅಂತ ಇಟ್ಟುಕೊಳ್ಳಿ. ಪಟ್ಟನೆ ಮುರಿಯುವುದಿಲ್ಲ, ತಿಂಗಳುಗಟ್ಟಲೆ ನಿಧಾನಕ್ಕೆ ಜೋತು ಬೀಳುತ್ತದೆ. ಬಿಸಿಲಿದ್ದರೆ ಇನ್ನೂ ಬೇಗ. ನಾನು 5 ಅಡಿ ಹಲಗೆಗೆ ಎರಡು ತುದಿಯಲ್ಲಿ ಮಾತ್ರ ಕಲ್ಲು ಕೊಟ್ಟು ಕೂರಿಸಿದ್ದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ನಡು ಒಂದು ಇಂಚು ಇಳಿದಿತ್ತು. ಮೊದಲ ಮಳೆಗೆ ಅಲ್ಲೇ ನೀರು ನಿಂತಿತು. ತಪ್ಪು ಹಲಗೆಯದಲ್ಲ, ನನ್ನದೇ. ಅದನ್ನೇ ಮಗುಚಿ ಹಾಕಿ, ಒಂದೂಕಾಲು ಅಡಿಗೊಂದರಂತೆ ಐದು ಆಧಾರ ಕೊಟ್ಟೆ. ಈಗ ಮೂರನೇ ವರ್ಷ, ಏನೂ ಆಗಿಲ್ಲ. ಕುಂಡದ ಸ್ಟ್ಯಾಂಡಿಗೂ ಇದೇ ಲೆಕ್ಕ. ಒದ್ದೆ ಮಣ್ಣಿನ ಕುಂಡ ಹಗಲೂ ರಾತ್ರಿ ಎದ್ದು ಹೋಗದೆ ಕೂತಿರುತ್ತದೆ, ಅಲ್ವಾ?

ಸಂಕಕ್ಕೆ ಬೇಡ ಅಂದದ್ದು ಇದಕ್ಕೇ. ಕಾಲುವೆಯ ನಡುವೆ ಆಧಾರ ಕೊಡಲಾಗುವುದಿಲ್ಲ, ಮೇಲೆ ಗೊನೆ ಹೊತ್ತು ದಾಟುವವರು. ಒದ್ದೆಯಾದರೆ ಸೋಪು ಹಚ್ಚಿದ ಹಾಗೆ ಜಾರುತ್ತದೆ ಬೇರೆ. ಬೇಕೇ ಬೇಕೆಂದರೆ ಭಾರ ಹೊರಲು ಕೆಳಗೆ ಕಬ್ಬಿಣದ ಆಂಗಲ್ ಹಾಕಿ, ಅದರ ಮೇಲೆ ಹಲಗೆಯ ತುಂಡುಗಳನ್ನು ಅಡ್ಡಡ್ಡ ಕೂರಿಸಿ, ಮೇಲ್ಮೈಗೆ ಗರಗಸದಲ್ಲಿ ಗೀರು ಹಾಕಿಸಿ.

ಕೊಳ್ಳುವಾಗ ಮಾತು ಕೇಳಬೇಡಿ, ತೂಕ ಹಾಕಿಸಿ. 5 ಅಡಿ ಉದ್ದ, 4 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಎಚ್‌ಡಿಪಿಇ (ಡ್ರಮ್ಮು, ಶಾಂಪೂ ಬಾಟ್ಲಿಯ ಪ್ಲಾಸ್ಟಿಕ್) ಹಲಗೆ ಐದೂವರೆ ಕೆಜಿ ಆಸುಪಾಸು ತೂಗಬೇಕು. ತೀರಾ ಕಡಿಮೆ ಬಂದರೆ ಒಳಗೆ ಗುಳ್ಳೆ. ತೀರಾ ಜಾಸ್ತಿ ಬಂದರೆ ಸುಣ್ಣದಕಲ್ಲಿನ ಪುಡಿಯನ್ನೋ ಬೇರೆ ಪ್ಲಾಸ್ಟಿಕನ್ನೋ ಬೆರೆಸಿರುತ್ತಾರೆ. ಇನ್ನೊಂದು ಪರೀಕ್ಷೆ ಇದೆ. ಮೂಲೆಯಲ್ಲಿ ಚಾಕುವಿನಿಂದ ಚೂರು ಕೆತ್ತಿ ಬಕೆಟ್ ನೀರಿಗೆ ಹಾಕಿ ಅದ್ದಿ ಬಿಡಿ. ಎಚ್‌ಡಿಪಿಇ ತೇಲುತ್ತದೆ. ಪಿವಿಸಿ, ನೀರಿನ ಬಾಟ್ಲಿಯ ಪೆಟ್ ಮುಳುಗುತ್ತವೆ. ಇಡೀ ತುಂಡು ಹಾಕಬೇಡಿ, ಗುಳ್ಳೆ ಇದ್ದರೆ ಯಾವುದೂ ತೇಲೀತು.

ಬಣ್ಣ ಕಪ್ಪಾದರೆ ಬಿಸಿಲಿಗೆ ತಾಳಿಕೆ ಜಾಸ್ತಿ. ನಮ್ಮ ನೀರಿನ ಎಚ್‌ಡಿಪಿಇ ಪೈಪಿಗೂ ಶೇ. 2ರಿಂದ 2.5ರಷ್ಟು ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಪುಡಿ ಹಾಕುವುದು ಅದಕ್ಕೇ. ಆದರೆ ಮಧ್ಯಾಹ್ನ ಕೂತವರು ಕೂತ ಹಾಗೇ ಹಾರಿ ಏಳುತ್ತಾರೆ! ಬೆಂಚನ್ನು ಮರದ ನೆರಳಿಗೆ ಹಾಕಿ.

ಸ್ಕ್ರೂ ಹೊಡೆಯುವ ಬಡಗಿಗೆ ಒಂದು ಮಾತು ಹೇಳಿ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 5 ಅಡಿ ಹಲಗೆ ನಾಲ್ಕೈದು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ನಡುವೆ ಒಂದು ಸ್ಕ್ರೂ ಬಿಗಿಯಾಗಿರಲಿ, ಉಳಿದ ಕಡೆ ತೂತು ಉದ್ದುದ್ದ ಇರಲಿ. ಎಲ್ಲ ಬಿಗಿದರೆ ಹಲಗೆ ಡೊಂಕಾಗುತ್ತದೆ. ಸ್ಟೀಲ್ ಸ್ಕ್ರೂವೇ ಹಾಕಿಸಿ. ಕೊಯ್ಯುವಾಗ ಕೆಳಗೆ ಟಾರ್ಪಾಲು ಹಾಸಿ ಹೊಟ್ಟನ್ನೆಲ್ಲ ಗುಡಿಸಿಕೊಳ್ಳಿ. ತೋಟದ ಮಣ್ಣಿಗೆ ಸೇರಿದರೆ ಹೆಕ್ಕಲಾಗುವುದಿಲ್ಲ.

ಇನ್ನೊಬ್ಬರು ಕೊಟ್ಟಿಗೆಯ ಮಾಡಿಗೆ ಜ್ಯೂಸ್ ಪ್ಯಾಕೆಟ್ಟಿನ ಶೀಟು ಆಗುತ್ತದಾ ಅಂತ ಕೇಳಿದ್ದರು. ಪ್ಯಾಕೆಟ್ಟಿನ ಕಾಗದ ತೆಗೆದ ಮೇಲೆ ಉಳಿಯುವ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಮ್ಮನ್ನೂ ಬಿಸಿ ಮಾಡಿ ಒತ್ತಿದ ಶೀಟದು. ತುಕ್ಕು ಹಿಡಿಯುವುದಿಲ್ಲ, ಮಳೆ ಸದ್ದೂ ಜಿಂಕ್ ಶೀಟಿನಷ್ಟಿಲ್ಲ. ಅಡಿಕೆ ಬೇಯಿಸುವ ಒಲೆಯ ಮೇಲೆ ಮಾತ್ರ ಹಾಕಬೇಡಿ, ಬೆಂಕಿಗೆ ಅದು ಪ್ಲಾಸ್ಟಿಕ್ಕೇ.