ಖಾತೆ ಇದೆ, ಓಸಿ ಇಲ್ಲ: ಮುಂಗಡ ಕೊಡಬಹುದೇ?

ಓದುಗರೊಬ್ಬರ ಪತ್ರದ ಸಾರ: ಬೆಂಗಳೂರಿನಲ್ಲಿ ಎಂಟು ವರ್ಷ ಹಳೆಯ ಫ್ಲ್ಯಾಟ್, ಬೆಲೆ 60 ಲಕ್ಷ ರೂಪಾಯಿ. ಕೈಯಲ್ಲಿ 10 ಲಕ್ಷವಿದೆ, ಉಳಿದದ್ದಕ್ಕೆ ಬ್ಯಾಂಕ್ ಸಾಲ. ಇ-ಖಾತೆ (ಡಿಜಿಟಲ್ ಖಾತೆ) ಇದೆ, ಓಸಿ (ಆಕ್ಯುಪೆನ್ಸಿ ಸರ್ಟಿಫಿಕೇಟ್, ಅಂದರೆ ಸ್ವಾಧೀನಾನುಭವ ಪತ್ರ) ಇಲ್ಲ. ‘ಖಾತೆ ಇದ್ದ ಮೇಲೆ ಓಸಿ ಯಾಕೆ’ ಅನ್ನುವ ಬ್ರೋಕರ್ ಈ ವಾರವೇ 5 ಲಕ್ಷ ಮುಂಗಡ ಕೇಳುತ್ತಿದ್ದಾರೆ.

ಸಂಪಾದಕರ ಉತ್ತರ:

ಈ ವಾರ ಕೊಡಬೇಡಿ. ಓಸಿ ಪ್ರಶ್ನೆ ಹಾಗಿರಲಿ, ನಿಮ್ಮ ಲೆಕ್ಕವೇ ಕೂಡುತ್ತಿಲ್ಲ.

30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ 80 ದಾಟುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ ಹೆಚ್ಚೆಂದರೆ 48 ಲಕ್ಷ. ಬ್ಯಾಂಕಿನ ಮೌಲ್ಯಮಾಪಕ ಮನೆಗೆ 55 ಲಕ್ಷವೇ ಬೆಲೆ ಕಟ್ಟಿದರೆ ಸಾಲ 44 ಲಕ್ಷಕ್ಕೆ ಇಳಿಯುತ್ತದೆ. ನೋಂದಣಿ ಖರ್ಚನ್ನು ಈ ಮೌಲ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಮುದ್ರಾಂಕ ಶುಲ್ಕ ಶೇ 5, ಅಂದರೆ 3 ಲಕ್ಷ. ಅದರ ಮೇಲೆ ಸೆಸ್ 30,000, ಸರ್ಚಾರ್ಜ್ 6,000. 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ 1.20 ಲಕ್ಷ. ಒಟ್ಟು 4.56 ಲಕ್ಷ. ಸರ್ಕಾರದ ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಬೆಲೆ) 60 ಲಕ್ಷಕ್ಕಿಂತ ಹೆಚ್ಚಿದ್ದರೆ ಇದೆಲ್ಲ ಆ ದರದ ಮೇಲೆಯೇ. ಹೀಗೆ ನಿಮ್ಮ ಕೈಯಿಂದ ಬೇಕಾದದ್ದು ಕನಿಷ್ಠ 16.56 ಲಕ್ಷ. ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ಬೇರೆ. ಕೊರತೆಯನ್ನು ಪರ್ಸನಲ್ ಲೋನಿನಿಂದ ತುಂಬಲು ಹೋದರೆ ಆ ಕಂತನ್ನೂ ಕಳೆದೇ ಬ್ಯಾಂಕು ನಿಮ್ಮ ಸಾಲದ ಅರ್ಹತೆ ನೋಡುತ್ತದೆ.

ಖಾತೆ ಎಂದರೆ ತೆರಿಗೆ ಯಾರ ಹೆಸರಿನಲ್ಲಿದೆ ಎಂಬ ದಾಖಲೆ. ಕಟ್ಟಡವನ್ನು ಮಂಜೂರಾದ ನಕ್ಷೆಯಂತೆ ಕಟ್ಟಿದ್ದಾರೆ ಎನ್ನುವುದಕ್ಕೆ ಪುರಾವೆ ಓಸಿ. ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ. ಬ್ರೋಕರಿಗೂ ಇದು ಗೊತ್ತಿರುತ್ತದೆ! ನಾಲ್ಕು ಮಹಡಿಗೆ ಅನುಮತಿ ಪಡೆದು ಐದು ಕಟ್ಟಿದ್ದರೆ ಓಸಿ ಸಿಗುವುದಿಲ್ಲ, ಹಾಗಾಗಿ ಮಂಜೂರಾದ ನಕ್ಷೆ ತರಿಸಿ ಮಹಡಿಗಳನ್ನು ಎಣಿಸಿ. ನೀವು ನೋಡಿದ ಫ್ಲ್ಯಾಟ್ ಆ ಹೆಚ್ಚುವರಿ ಮಹಡಿಯಲ್ಲಿದ್ದರೆ ಮಾತು ಅಲ್ಲಿಗೇ ಮುಗಿಸಿ. ಓಸಿ ನೋಡಿಯೇ ಸಾಲ ಕೊಡಬೇಕು, ವಿದ್ಯುತ್ ಮತ್ತು ನೀರಿನ ಸಂಪರ್ಕಕ್ಕೂ ಅದು ಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದೆ. ನಾಳೆ ನೀವು ಮಾರಲು ಹೊರಟಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ.

ಇ.ಸಿ.ಯನ್ನು (ಎನ್‌ಕಂಬರೆನ್ಸ್ ಸರ್ಟಿಫಿಕೇಟ್, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ) ಫ್ಲ್ಯಾಟಿನ ಹೆಸರಿನಲ್ಲಷ್ಟೇ ತೆಗೆಸಿದರೆ ಬಿಲ್ಡರ್ ಮಾರಿದ ದಿನದಿಂದೀಚಿನ ಕಥೆ ಮಾತ್ರ ಕಾಣುತ್ತದೆ. ಅಪಾರ್ಟ್‌ಮೆಂಟ್ ನಿಂತಿರುವ ಜಮೀನಿನ ಸರ್ವೆ ನಂಬರಿಗೆ 30 ವರ್ಷದ ಇ.ಸಿ. ಬೇರೆಯಾಗಿ ತೆಗೆಸಿ, ಮೂಲಪತ್ರಗಳೊಂದಿಗೆ ನಿಮ್ಮದೇ ವಕೀಲರಿಗೆ ಕೊಡಿ. ನೋಂದಣಿಯಾಗದ ಕರಾರು, ಉಯಿಲು ಇ.ಸಿ.ಯಲ್ಲಿ ಬರುವುದಿಲ್ಲ, ಮಾರುವವರ ಕುಟುಂಬದಲ್ಲಿ ಪಾಲಿನ ತಕರಾರು ಇದೆಯೇ ಎಂದು ಕೇಳಿಯೇ ತಿಳಿಯಬೇಕು.

ಎಲ್ಲ ಸರಿಯಿದ್ದರೆ ಮುಂಗಡ 1 ಲಕ್ಷ ಸಾಕು, ಅದೂ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ‘ಬ್ಯಾಂಕಿನ ಕಾನೂನು ಅಭಿಪ್ರಾಯ ವ್ಯತಿರಿಕ್ತವಾಗಿ ಬಂದರೆ ಮುಂಗಡವನ್ನು 15 ದಿನದಲ್ಲಿ ಪೂರ್ತಿ ಹಿಂದಿರುಗಿಸತಕ್ಕದ್ದು’ ಎಂಬ ಸಾಲು ಕರಾರಿನಲ್ಲಿರಲಿ. ಅದಕ್ಕೆ ಸಹಿ ಹಾಕಲು ಮಾರುವವರು ಹಿಂಜರಿದರೆ ಬೇರೆ ಮನೆ ನೋಡಿ.

ಬೆಲೆ 50 ಲಕ್ಷ ಮುಟ್ಟಿರುವುದರಿಂದ ಶೇ 1, ಅಂದರೆ 60,000 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ನಿಮ್ಮದು. ಇದು ಹೆಚ್ಚುವರಿ ಖರ್ಚಲ್ಲ, ಮಾರುವವರಿಗೆ ಕೊಡುವ ಹಣದಲ್ಲೇ ಕಳೆಯಿರಿ. ಅವರು ವಿದೇಶದಲ್ಲಿ ನೆಲೆಸಿರುವ ಅನಿವಾಸಿಯಾದರೆ ದರ ಇದಕ್ಕಿಂತ ಬಹಳ ಹೆಚ್ಚು; ಮುಂಗಡಕ್ಕೆ ಮುಂಚೆಯೇ ಕೇಳಿಬಿಡಿ.