ಆಕಳಿನ ಕ್ಷಯ ಮತ್ತು ಹೊಲಕ್ಕೆ ಬರುವ ನರಿ

ಪ್ರಶ್ನೆ: ನಮ್ಮ ಒಂದು ಆಕಳಿಗೆ ಕ್ಷಯ ತಗುಲಿದೆ ಎಂದು ಪಶುವೈದ್ಯರು ತಿಳಿಸಿದ್ದಾರೆ. ನಮ್ಮ ಹೊಲ ಕಪ್ಪತಗುಡ್ಡದ ಅಂಚಿನಲ್ಲಿದ್ದು, ರಾತ್ರಿ ನರಿಗಳು ಕೊಟ್ಟಿಗೆಯ ಹತ್ತಿರ ಸುಳಿದಾಡುತ್ತವೆ. ರೋಗ ಅವುಗಳಿಂದ ಬಂದಿರಬಹುದೆ? ನರಿಯನ್ನು ಹಿಡಿದು ಪರೀಕ್ಷಿಸಬಹುದೆ?
- ಒಬ್ಬ ರೈತರು, ಮುಂಡರಗಿ ತಾಲ್ಲೂಕು

ಉತ್ತರ: ನಿಮ್ಮ ಸಂಶಯ ಸಹಜವಾದರೂ, ಈ ರೋಗ ಸಾಮಾನ್ಯವಾಗಿ ಹರಡುವುದು ದನದಿಂದ ದನಕ್ಕೆ, ಒಂದೇ ಗೋದಲಿಯ ಮುಂದೆ ಉಸಿರು ಹಂಚಿಕೊಂಡು ನಿಲ್ಲುವಾಗ. ರೋಗಕ್ಕೆ ಕಾರಣವಾದ ಮೈಕೋಬ್ಯಾಕ್ಟೀರಿಯಂ ಬೋವಿಸ್ ಎಂಬ ರೋಗಾಣು ನರಿಗೂ ತಗಲುತ್ತದೆಂಬುದು ನಿಜ. ಆದರೆ ಸತ್ತ ದನವನ್ನು ಹಳ್ಳದ ದಂಡೆಗೆ ಎಳೆದು ಬಿಡುವ ರೂಢಿ ಇರುವಲ್ಲಿ, ಆ ಮಾಂಸ ತಿಂದ ನರಿಯೇ ನಮ್ಮ ದನಗಳಿಂದ ಸೋಂಕು ಪಡೆಯುವ ಸಾಧ್ಯತೆ ಹೆಚ್ಚೆಂದು ನನಗೆ ತೋರುತ್ತದೆ.

ನರಿಯ ಪರೀಕ್ಷೆ ಆಕಳಿನ ಪರೀಕ್ಷೆಯಷ್ಟು ಸುಲಭವಲ್ಲ. ಆಕಳಿನ ಕುತ್ತಿಗೆಯ ಚರ್ಮಕ್ಕೆ, ಕ್ಷಯದ ರೋಗಾಣುವಿನಿಂದ ತಯಾರಿಸಿದ ಪರೀಕ್ಷಾ ದ್ರವವಾದ ಟ್ಯೂಬರ್‌ಕ್ಯುಲಿನ್ ಚುಚ್ಚಿ, 72 ಗಂಟೆಗಳ ನಂತರ ಚರ್ಮ ಎಷ್ಟು ದಪ್ಪವಾಗಿದೆ ಎಂದು ಅಳೆದರೆ ಸಾಕು. ಕಾಡುಪ್ರಾಣಿಯನ್ನು ಮೂರು ದಿನ ಹಿಡಿದಿಟ್ಟು ಹಾಗೆ ಅಳೆಯಲಾಗದು. ಆದ್ದರಿಂದ ಹೆಚ್ಚಾಗಿ ಸತ್ತ ನರಿಯ ತಲೆ, ಎದೆ ಮತ್ತು ಕರುಳಿನ ಬಳಿಯ ದುಗ್ಧಗ್ರಂಥಿಗಳನ್ನು (ಲಿಂಫ್ ಗ್ರಂಥಿಗಳನ್ನು) ತೆಗೆದು, ರೋಗಾಣುವಿನ ಡಿಎನ್ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿ, ಜೊತೆಗೆ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುತ್ತಾರೆ. ಈ ರೋಗಾಣು ಬಹಳ ನಿಧಾನವಾಗಿ ಬೆಳೆಯುವುದರಿಂದ ಫಲಿತಾಂಶಕ್ಕೆ ವಾರಗಟ್ಟಲೆ, ಕೆಲವೊಮ್ಮೆ ಎರಡು ತಿಂಗಳಿಗೂ ಹೆಚ್ಚು ಕಾಯಬೇಕು. ಕರುಳಿನ ಗ್ರಂಥಿಗಳನ್ನು ಬಿಡಬಾರದು, ಏಕೆಂದರೆ ತಿಂದ ಆಹಾರದಿಂದ ಬಂದ ಸೋಂಕು ಅಲ್ಲಿಯೇ ಸಿಗುವ ಸಂಭವವಿದೆ. ಹೊಟ್ಟೆ ಸೀಳಿ ನೋಡಿ ಕ್ಷಯದ ಗಂಟುಗಳಿಲ್ಲ ಎಂದ ಮಾತ್ರಕ್ಕೆ ಸೋಂಕಿಲ್ಲವೆಂದು ಹೇಳುವಂತಿಲ್ಲ: ಫ್ರಾನ್ಸಿನ ದೋರ್ದೋನ್ ಪ್ರದೇಶದ ಕೆಂಪು ನರಿಗಳಲ್ಲಿ ಬರಿಗಣ್ಣಿಗೆ ಕಾಣುವ ಗಂಟುಗಳಿಲ್ಲದೆಯೂ ಸೋಂಕು ಪತ್ತೆಯಾದದ್ದು 2018ರಲ್ಲಿ ಪ್ರಕಟವಾಗಿದೆ. ಅಲ್ಲಿ ದನಗಳಲ್ಲಿಯೂ ಇದೇ ರೋಗವಿತ್ತು.

ನೀವಾಗಿ ನರಿ ಹಿಡಿಯುವುದು ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಪ್ರಾಣಿ, ಮೇಲಾಗಿ ಕಪ್ಪತಗುಡ್ಡ ವನ್ಯಜೀವಿಧಾಮವೂ ಹೌದು. ಸತ್ತ ನರಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿರಿ.

ಅದಕ್ಕಿಂತ ಮೊದಲು ಉಳಿದ ದನಗಳಿಗೆಲ್ಲ ಚರ್ಮದ ಪರೀಕ್ಷೆ ಮಾಡಿಸಿ, ರೋಗವಿರುವ ಆಕಳನ್ನು ಬೇರೆ ಕಟ್ಟಿರಿ. ಒಮ್ಮೆ ಸೋಂಕಿಲ್ಲವೆಂದು ಬಂದರೂ ಕನಿಷ್ಠ 42 ದಿನ ಬಿಟ್ಟು ಮತ್ತೆ ಮಾಡಿಸಬೇಕು. ಹೊಸದಾಗಿ ಈದ ಆಕಳಿನಲ್ಲಿ ಸೋಂಕಿದ್ದರೂ ಇಲ್ಲವೆಂದು ತೋರಿಸಿ ಪರೀಕ್ಷೆ ತಪ್ಪು ಸಮಾಧಾನ ಕೊಡುವುದುಂಟು. ರೋಗವಿರುವ ಆಕಳಿನ ಹಾಲನ್ನು ಬಳಸಬೇಡಿರಿ. ಉಳಿದವುಗಳ ಹಾಲನ್ನೂ, ಮಕ್ಕಳಿಗೆಂದು ಹಿಂಡಿದ ಬಿಸಿ ನೊರೆಹಾಲಾದರೂ ಸರಿ, ಕುದಿಸದೆ ಕೊಡಬೇಡಿರಿ.