ಕ್ಯಾಮೆಲ್ ರೂಟಿನಲ್ಲಿ ಕಳೆದುಹೋಗುವ ಹೆಡರ್‌ಗಳು

ಪ್ರಶ್ನೆ: ವ್ಯವಸ್ಥೆಗಳ ನಡುವೆ ಸಂದೇಶ ಸಾಗಿಸುವ ಜಾವಾ ತಂತ್ರಾಂಶವಾದ ಅಪಾಚೆ ಕ್ಯಾಮೆಲ್‌ನಲ್ಲಿ, ರೂಟಿನ (ಸಂದೇಶ ಹಂತಹಂತವಾಗಿ ಸಾಗುವ ದಾರಿಯ) ಮೊದಲ ಹಂತದಲ್ಲೇ ಗ್ರಾಹಕ ಸಂಖ್ಯೆಯನ್ನು ಹೆಡರ್‌ಗೆ (ಸಂದೇಶಕ್ಕೆ ಅಂಟಿದ ಹೆಸರು-ಮೌಲ್ಯದ ಚೀಟಿಗೆ) ಹಾಕುತ್ತೇನೆ. ನಡುವೆ ಒಂದು ಪ್ರೊಸೆಸರ್ (ನಾನೇ ಬರೆದ ಕೋಡಿನ ಹಂತ) ಸೇರಿಸಿದ ಮೇಲೆ ಅದು ನಲ್ (ಮೌಲ್ಯವೇ ಇಲ್ಲದ್ದು) ಆಗುತ್ತಿದೆ. ಬೀನ್‌ನ (ರೂಟು ಕರೆಯುವ ಜಾವಾ ಆಬ್ಜೆಕ್ಟಿನ) ಫೀಲ್ಡ್‌ನಲ್ಲಿ ಇಟ್ಟುಕೊಂಡರೆ ಸಾಕು ಎಂದು ಒಬ್ಬರು ಹೇಳಿದರು. ಹಾಗೆ ಮಾಡಬಹುದೇ?

ಉತ್ತರ: ಖಂಡಿತ ಬೇಡ. ಬೀನ್ ಸಾಮಾನ್ಯವಾಗಿ ಸಿಂಗಲ್‌ಟನ್, ಅಂದರೆ ಎಲ್ಲ ಸಂದೇಶಗಳಿಗೂ ಒಂದೇ ಪ್ರತಿ. ಎರಡು ಥ್ರೆಡ್ (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಒಟ್ಟಿಗೆ ಬಂದರೆ ಒಬ್ಬ ಗ್ರಾಹಕನ ಸಂಖ್ಯೆ ಇನ್ನೊಬ್ಬನ ಆರ್ಡರ್‌ಗೆ ಅಂಟುತ್ತದೆ. ಒಬ್ಬರೇ ಕುಳಿತು ಪರೀಕ್ಷಿಸಿದರೆ ಗೊತ್ತೇ ಆಗುವುದಿಲ್ಲ. ಥ್ರೆಡ್‌ಲೋಕಲ್ (ಥ್ರೆಡ್‌ಗೊಂದು ಪ್ರತ್ಯೇಕ ಮೌಲ್ಯ) ಎನ್ನುವ ಪಂಡಿತರೂ ಇದ್ದಾರೆ. ರೂಟಿನಲ್ಲಿ ಒಂದು ಸೆಡಾ (ಮೆಮೊರಿಯೊಳಗಿನ ಕ್ಯೂ) ಬಂದರೆ ಥ್ರೆಡ್ಡೇ ಬದಲಾಗುತ್ತದೆ, ಆಗೇನು ಮಾಡುತ್ತೀರಿ?

ನಿಮ್ಮ ಪ್ರೊಸೆಸರ್‌ನಲ್ಲಿ ಗೆಟ್‌ಔಟ್ ಎಂಬ ಮೆಥಡ್ ಕರೆ ಇದೆಯೇ ನೋಡಿ. ಬಹುಪಾಲು ಅದೇ ಕಳ್ಳ. ಅದನ್ನು ಕರೆದ ಕೂಡಲೇ ಹೊಸ, ಖಾಲಿ ಸಂದೇಶ ಹುಟ್ಟುತ್ತದೆ. ಮುಂದಿನ ಹಂತಕ್ಕೆ ಹೋಗುವುದು ಅದೇ. ಹಳೆಯ ಹೆಡರ್‌ಗಳನ್ನು ನೀವೇ ನಕಲಿಸದಿದ್ದರೆ ಅವು ಅಲ್ಲಿಗೆ ಮುಗಿದವು. ಗೆಟ್‌ಮೆಸೇಜ್ ಬಳಸಿ. ಕ್ಯಾಮೆಲ್ 3ರಿಂದಲೇ ಗೆಟ್‌ಔಟ್ ಡೆಪ್ರಿಕೇಟ್ ಆಗಿದೆ (ಬಳಸಬೇಡಿ ಎಂಬ ಗುರುತು ಬಿದ್ದಿದೆ), ಆದರೂ ಹಳೆಯ ಉದಾಹರಣೆಗಳನ್ನು ನಕಲು ಹೊಡೆಯುವುದು ನಿಂತಿಲ್ಲ.

ಅಷ್ಟಕ್ಕೂ, ಅದು ಹೆಡರ್‌ನಲ್ಲೇ ಏಕಿರಬೇಕು? ಹೆಡರ್ ಸಂದೇಶದ ಜೊತೆ ಹೊರಗೂ ಹೋಗುತ್ತದೆ. ಎಚ್‌ಟಿಟಿಪಿ ಕರೆಯಲ್ಲಿ ಎದುರಿನ ಸರ್ವರ್ ಕೈಸೇರುತ್ತದೆ. ಉತ್ತರದಲ್ಲಿ ಅದೇ ಹೆಸರಿನ ಹೆಡರ್ ಬಂದರೆ ನಿಮ್ಮದು ಅಳಿಯುತ್ತದೆ. ಜೆಎಂಎಸ್ (ಜಾವಾದಲ್ಲಿ ಕ್ಯೂ ಮೂಲಕ ಸಂದೇಶ ಕಳಿಸುವ ವಿಧಾನ) ಆದರೆ ಸ್ಟ್ರಿಂಗ್, ಸಂಖ್ಯೆ, ಬೂಲಿಯನ್‌ನಂಥ ಸರಳ ಮೌಲ್ಯಗಳು ಮಾತ್ರ ದಾಟುತ್ತವೆ. ನಿಮ್ಮದೇ ಕ್ಲಾಸಿನ ಆಬ್ಜೆಕ್ಟ್ ಹಾಕಿದರೆ ಎಕ್ಸೆಪ್ಶನ್ ಕೂಡ ಇಲ್ಲದೆ ಉದುರಿಹೋಗುತ್ತದೆ.

ರೂಟಿನೊಳಗಷ್ಟೇ ಬೇಕಾದದ್ದು ಎಕ್ಸ್‌ಚೇಂಜ್ (ರೂಟಿನುದ್ದಕ್ಕೂ ಸಂದೇಶವನ್ನು ಹೊತ್ತೊಯ್ಯುವ ಡಬ್ಬಿ) ಪ್ರಾಪರ್ಟಿಯಲ್ಲಿರಲಿ. ಕ್ಯಾಮೆಲ್ 4.4 ಅಥವಾ ಮುಂದಿನದಾದರೆ ವೇರಿಯಬಲ್ ಇನ್ನೂ ಚೊಕ್ಕ. ಡೈರೆಕ್ಟ್ (ರೂಟಿನಿಂದ ರೂಟಿಗೆ ನೇರ ಕರೆ) ಮೂಲಕ ಬೇರೆ ರೂಟಿಗೆ ಹೋದರೂ ಪ್ರಾಪರ್ಟಿ ಇರುತ್ತದೆ, ಎಕ್ಸ್‌ಚೇಂಜ್ ಒಂದೇ ತಾನೆ. ಆದರೆ ಪ್ರಾಪರ್ಟಿ ಜೆಎಂಎಸ್ ಕ್ಯೂ ದಾಟುವುದಿಲ್ಲ; ಅಲ್ಲಿ ಮಾತ್ರ ಹೆಡರ್ ಅಥವಾ ಬಾಡಿಯೇ (ಸಂದೇಶದ ಒಡಲೇ) ಗತಿ.

ಸ್ಪ್ಲಿಟ್ (ಸಂದೇಶವನ್ನು ತುಣುಕು ಮಾಡುವ ಹಂತ) ಒಳಗೆ ಜೋಪಾನ. ಪ್ರತಿ ತುಣುಕಿಗೂ ಎಕ್ಸ್‌ಚೇಂಜಿನ ನಕಲು ಸಿಗುತ್ತದೆ. ಒಳಗೆ ಹಾಕಿದ ಪ್ರಾಪರ್ಟಿ ಹೊರಗೆ ಬರಬೇಕಾದರೆ ಅಗ್ರಿಗೇಶನ್ ಸ್ಟ್ರಾಟೆಜಿಯಲ್ಲಿ (ತುಣುಕುಗಳನ್ನು ಕೂಡಿಸುವ ಕೋಡಿನಲ್ಲಿ) ನೀವೇ ಎತ್ತಿ ತರಬೇಕು. ಆ ನಕಲು ಮೇಲುಮೇಲಿನದು: ಹೊರಗೇ ಒಂದು ಮ್ಯಾಪ್ ಇಟ್ಟಿದ್ದರೆ ಎಲ್ಲ ತುಣುಕುಗಳಿಗೂ ಅದೇ ಮ್ಯಾಪ್. ಪ್ಯಾರಲಲ್ ಪ್ರೊಸೆಸಿಂಗ್ ಹಾಕಿ, ಹಲವು ಥ್ರೆಡ್ ಒಟ್ಟಿಗೆ ಬರೆದರೆ ಕೆಡುವ ಸಾದಾ ಹ್ಯಾಶ್‌ಮ್ಯಾಪ್‌ಗೆ ಬರೆಯುವವರಿಗೆ ನಾನೇನೂ ಹೇಳಲಾರೆ.

ಪ್ರಶ್ನೆ: ಲಾಗ್ ಮಾಡಿದ ಮೇಲೆ ಬಾಡಿ ಖಾಲಿಯಾಗುತ್ತದೆ.

ಉತ್ತರ: ನಿಮ್ಮ ಬಾಡಿ ಸ್ಟ್ರೀಮ್ ಆಗಿರಬೇಕು; ಸ್ಟ್ರೀಮ್ ಒಮ್ಮೆ ಓದಿದರೆ ಮುಗಿಯಿತು. ಮತ್ತೆ ಓದಲು ಇಟ್ಟುಕೊಳ್ಳುವ ಸ್ಟ್ರೀಮ್ ಕ್ಯಾಶಿಂಗ್ ಹಾಕಿ, ಕ್ಯಾಮೆಲ್ 3.17ರಿಂದ ಅದು ತಾನಾಗಿಯೇ ಇರುತ್ತದೆ.

ಪ್ರಶ್ನೆ: ಎಚ್‌ಟಿಟಿಪಿ ಮೂಲಕ ಬಂದ ವಿನಂತಿಯನ್ನು ಇನ್ನೊಂದು ಸರ್ವರ್‌ಗೆ ಕಳಿಸಿದರೆ ವಿಳಾಸಕ್ಕೆ ಏನೋ ಬಾಲ ಸೇರಿ 404 ಬರುತ್ತಿದೆ.

ಉತ್ತರ: ಒಳಬಂದ ವಿನಂತಿಯ ಪಾತ್ ಹೆಡರ್‌ನಲ್ಲಿ ಉಳಿದಿದೆ. ಕರೆಗೆ ಮೊದಲು ‘ಕ್ಯಾಮೆಲ್‌ಎಚ್‌ಟಿಟಿಪಿ*’ ಹೆಡರ್‌ಗಳನ್ನೆಲ್ಲ ರಿಮೂವ್‌ಹೆಡರ್ಸ್‌ನಿಂದ ತೆಗೆಯಿರಿ. ಎಚ್‌ಟಿಟಿಪಿ ಮೆಥಡ್ (ಗೆಟ್, ಪೋಸ್ಟ್) ಹೆಡರ್ ಹಾಕುವುದಿದ್ದರೆ ತೆಗೆದ ನಂತರ ಹಾಕಿ, ಮೊದಲಲ್ಲ.

ಪ್ರಶ್ನೆ: ಸೆಟ್‌ಹೆಡರ್‌ನಲ್ಲಿ ಕಾನ್ಸ್ಟಂಟ್ ಬಳಸಿ ಸಮಯ ಹಾಕಿದರೆ ದಿನವಿಡೀ ಒಂದೇ ಸಮಯ ತೋರಿಸುತ್ತಿದೆ.

ಉತ್ತರ: ಕಾನ್ಸ್ಟಂಟ್ ಅಲ್ಲವೇ? ಅದರ ಮೌಲ್ಯ ಒಮ್ಮೆ ನಿಂತರೆ ಬದಲಾಗದು. ಪ್ರತಿ ಸಂದೇಶಕ್ಕೂ ಹೊಸದಾಗಿ ಲೆಕ್ಕ ಹಾಕುವ ಸಿಂಪಲ್ ಬಳಸಿ.